ಪೋಸ್ಟ್‌ಗ್ರೆಸ್ ಡೆವಲಪ್‌ಮೆಂಟ್ ಸರ್ವರ್: ವರ್ಷಗಟ್ಟಲೆ ಬಳಸಿದ ಮೇಲೆ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸರ್ವರ್‌ನ ವೇಗ, ಫೀಚರ್‌ಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ದಿನವೂ ಅದರ ಮೇಲೆ ಕೋಡ್ ಬರೆಯುವವರು ಕೇಳಬೇಕಾದ ಪ್ರಶ್ನೆ ಬೇರೆ: ಏನಾದರೂ ಕೈಕೊಟ್ಟಾಗ ಕಾರಣವನ್ನು ಸರ್ವರ್ ಎಷ್ಟು ಸರಿಯಾಗಿ ತಿಳಿಸುತ್ತದೆ? ತಪ್ಪಾದಾಗ ಚೆನ್ನಾಗಿಯೇ ತಿಳಿಸುತ್ತದೆ. ಕಾಯುತ್ತಾ ನಿಂತಾಗ ಮಾತ್ರ ತುಟಿ ಬಿಚ್ಚುವುದಿಲ್ಲ.

ಮೊದಲು ಎದುರಾಗುವುದು ಕನೆಕ್ಷನ್ ತೊಂದರೆ. ಲಿನಕ್ಸ್‌ನಲ್ಲಿ ‘ಪೀರ್ ಅಥೆಂಟಿಕೇಷನ್ ಫೇಲ್ಡ್’ ಎಂದು ಬಂದರೆ ಪಾಸ್‌ವರ್ಡ್ ಬದಲಿಸಿ ಉಪಯೋಗವಿಲ್ಲ. ಅಲ್ಲಿ ಪಾಸ್‌ವರ್ಡ್ ಕೇಳುವುದೇ ಇಲ್ಲ, ಆಪರೇಟಿಂಗ್ ಸಿಸ್ಟಂನ ಯೂಸರ್ ಹೆಸರು ಡೇಟಾಬೇಸ್ ಯೂಸರ್ ಹೆಸರಿಗೆ ಹೊಂದಬೇಕು, ಅಷ್ಟೆ. ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದು ಕೊಟ್ಟರೆ ಕನೆಕ್ಷನ್ ಸಾಕೆಟ್ (ಅದೇ ಯಂತ್ರದೊಳಗಿನ ನೇರ ದಾರಿ) ಬಿಟ್ಟು ಟಿಸಿಪಿ (ನೆಟ್‌ವರ್ಕ್ ದಾರಿ) ಮೂಲಕ ಹೋಗುತ್ತದೆ, ಆಗ ಯಾರು ಹೇಗೆ ಒಳಬರಬಹುದು ಎಂದು ಹೇಳುವ ಪಿಜಿ_ಎಚ್‌ಬಿಎ ಫೈಲ್‌ನ ಬೇರೆ ಸಾಲು ಅನ್ವಯಿಸುತ್ತದೆ. ಆ ಫೈಲ್‌ನಲ್ಲಿ ಮೊದಲು ಹೊಂದಿದ ಸಾಲಿನದೇ ತೀರ್ಮಾನ. ಅದು ಸೋತರೆ ಮುಂದಿನದನ್ನು ನೋಡುವುದಿಲ್ಲ. ಹಾಗಾಗಿ ಹೊಸ ಸಾಲನ್ನು ಕೊನೆಗೆ ಸೇರಿಸಿ ‘ಕೆಲಸ ಮಾಡ್ತಿಲ್ಲ’ ಅನ್ನುವವರೇ ಹೆಚ್ಚು. ಇನ್ನೊಂದು ಸೂಕ್ಷ್ಮವಿದೆ. ಫೈಲ್‌ನಲ್ಲಿ ಬರವಣಿಗೆಯ ತಪ್ಪಿದ್ದರೆ ರೀಲೋಡ್ ಮಾಡಿದಾಗ ಹಳೆಯ ನಿಯಮಗಳೇ ಮುಂದುವರಿಯುತ್ತವೆ, ದೂರು ಲಾಗ್‌ಗೆ ಮಾತ್ರ ಹೋಗುತ್ತದೆ. ಪಿಜಿ_ಎಚ್‌ಬಿಎ_ಫೈಲ್_ರೂಲ್ಸ್ ಎಂಬ ವ್ಯೂ ತೆರೆದು ಎರರ್ ಕಾಲಂ ನೋಡಿ, ಯಾವ ಸಾಲು ಕೆಟ್ಟಿದೆ ಎಂದು ಸಿಗುತ್ತದೆ.

ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಪ್ರತ್ಯೇಕ ಕಂಟೇನರ್‌ನಲ್ಲಿ ಓಡಿಸುವ ಸಾಧನ) ಓಡಿಸುವವರು ಗಮನಿಸಿ: ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಕೊಟ್ಟ ಪಾಸ್‌ವರ್ಡ್ ಅನ್ವಯವಾಗುವುದು ಡೇಟಾ ಡೈರೆಕ್ಟರಿ ಖಾಲಿ ಇದ್ದಾಗ ಮಾತ್ರ. ಆಮೇಲೆ ಬದಲಿಸಬೇಕಾದರೆ ಆಲ್ಟರ್ ಯೂಸರ್ ಒಂದೇ ದಾರಿ, ಇಲ್ಲವೇ ಡೇಟಾ ಇರುವ ವಾಲ್ಯೂಮ್ ಅನ್ನೇ ಅಳಿಸಬೇಕು.

ಆವೃತ್ತಿ ಬದಲಾದಾಗ ಕಾಡಿದ ಎರಡು ವಿಷಯಗಳು. ಪೋಸ್ಟ್‌ಗ್ರೆಸ್ 14ರಿಂದ ಪಾಸ್‌ವರ್ಡ್‌ಗಳು ಸಹಜವಾಗಿ ಸ್ಕ್ರಾಮ್ ಎಂಬ ಹೆಚ್ಚು ಸುರಕ್ಷಿತ ವಿಧಾನದಲ್ಲಿ ಉಳಿಯುತ್ತವೆ, ಹಳೆಯ ಡ್ರೈವರ್‌ಗಳಿಗೆ (ಆಪನ್ನು ಡೇಟಾಬೇಸ್‌ಗೆ ಜೋಡಿಸುವ ಲೈಬ್ರರಿ) ಅದು ಅರ್ಥವಾಗುವುದಿಲ್ಲ. ಡ್ರೈವರ್ ಅಪ್‌ಡೇಟ್ ಮಾಡಿ, ಹಳೆಯ ಎಂಡಿ5 ವಿಧಾನಕ್ಕೆ ಹಿಂದಿರುಗಬೇಡಿ. 15ರಿಂದ ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್‌ಗಳು ಸಹಜವಾಗಿ ಸೇರುವ ಗುಂಪು) ಎಲ್ಲರಿಗೂ ಟೇಬಲ್ ರಚಿಸುವ ಹಕ್ಕಿಲ್ಲ. ‘ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್’ ಬಂದರೆ ಆ ಡೇಟಾಬೇಸ್‌ನ ಮಾಲೀಕತ್ವವನ್ನು ಆಪ್‌ನ ಯೂಸರ್‌ಗೆ ಕೊಟ್ಟರೆ ಸರಿಹೋಗುತ್ತದೆ.

‘ಕರೆಂಟ್ ಟ್ರಾನ್ಸಾಕ್ಷನ್ ಈಸ್ ಅಬಾರ್ಟೆಡ್’ ಎಂಬ ಸಂದೇಶವನ್ನು ಗೂಗಲ್ ಮಾಡುತ್ತಾ ಕೂರಬೇಡಿ. ಅದು ಪರಿಣಾಮ, ಕಾರಣವಲ್ಲ. ಅದೇ ಟ್ರಾನ್ಸಾಕ್ಷನ್‌ನಲ್ಲಿ (ಒಟ್ಟಾಗಿ ಗೆಲ್ಲುವ ಅಥವಾ ಒಟ್ಟಾಗಿ ಸೋಲುವ ಕ್ವೆರಿಗಳ ಗುಂಪು) ಮೊದಲು ಸೋತ ಕ್ವೆರಿಯನ್ನು ಕೋಡ್ ನುಂಗಿಹಾಕಿರುತ್ತದೆ. ಸರ್ವರ್ ಲಾಗ್‌ನಲ್ಲಿ ಅದಕ್ಕಿಂತ ಮೇಲಿರುವ ಮೊದಲ ಎರರ್ ಸಾಲನ್ನು ಹುಡುಕಿ. ಡೀಟೇಲ್, ಹಿಂಟ್ ಸಾಲುಗಳನ್ನೂ ಓದಿ. ಹಾಗೆಯೇ, ಡೇಟಾವನ್ನು ಐಡಿ ಸಮೇತ ಇಂಪೋರ್ಟ್ ಮಾಡಿದ ಮೇಲೆ ಹೊಸ ಸಾಲು ಸೇರಿಸುವಾಗ ‘ಡೂಪ್ಲಿಕೇಟ್ ಕೀ’ ಬಂದರೆ ಸೀಕ್ವೆನ್ಸ್ (ಮುಂದಿನ ಐಡಿ ಕೊಡುವ ಎಣಿಕೆ) ಹಿಂದೆ ಉಳಿದಿದೆ ಎಂದರ್ಥ. ಸೆಟ್‌ವಾಲ್ ಫಂಕ್ಷನ್‌ನಿಂದ ಅದನ್ನು ಟೇಬಲ್‌ನ ಅತಿ ದೊಡ್ಡ ಐಡಿಗೆ ತನ್ನಿ.

ಇನ್ನು ಮೌನದ ವಿಷಯ. ಡಿಬಗ್ಗರ್‌ನಲ್ಲಿ ಬ್ರೇಕ್‌ಪಾಯಿಂಟ್ ಹಾಕಿ ನಿಲ್ಲಿಸಿದ ಕೋಡ್ ಒಂದು ಸೆಲೆಕ್ಟ್ ಓಡಿಸಿ ಟ್ರಾನ್ಸಾಕ್ಷನ್ ತೆರೆದೇ ಇಟ್ಟಿದೆ ಎಂದುಕೊಳ್ಳಿ. ಇನ್ನೊಂದು ಟರ್ಮಿನಲ್‌ನಲ್ಲಿ ಮೈಗ್ರೇಷನ್ (ಟೇಬಲ್‌ಗಳ ರಚನೆ ಬದಲಿಸುವ ಸ್ಕ್ರಿಪ್ಟ್) ಅದೇ ಟೇಬಲ್‌ಗೆ ಕಾಲಂ ಸೇರಿಸಲು ಹೋಗುತ್ತದೆ. ಅದಕ್ಕೆ ಬೇಕಿರುವುದು ಬೇರೆ ಯಾರೂ ಆ ಟೇಬಲ್ ಮುಟ್ಟದಂತೆ ತಡೆಯುವ ಆಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್, ಆದ್ದರಿಂದ ಕಾಯುತ್ತದೆ. ಆಮೇಲೆ ಬಂದ ಸಾಮಾನ್ಯ ಸೆಲೆಕ್ಟ್‌ಗಳೂ ಅದರ ಹಿಂದೆ ಸಾಲುಗಟ್ಟುತ್ತವೆ. ಎರರ್ ಇಲ್ಲ, ಸಿಪಿಯು ಖಾಲಿ, ಆಪ್ ಮಾತ್ರ ಸ್ತಬ್ಧ. ಲಾಕ್_ಟೈಮ್‌ಔಟ್ ಸಹಜವಾಗಿ 0, ಅಂದರೆ ಎಷ್ಟು ಹೊತ್ತಾದರೂ ಕಾಯಲು ಸಿದ್ಧ.

ಆಗ ಈಗಿರುವ ಸೆಷನ್‌ಗಳನ್ನು ತೋರಿಸುವ ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಿಂದ ಪಿಐಡಿ (ಪ್ರೊಸೆಸ್ ಸಂಖ್ಯೆ), ಸ್ಟೇಟ್, ಎಕ್ಸ್‌ಆ್ಯಕ್ಟ್_ಸ್ಟಾರ್ಟ್, ಕ್ವೆರಿ ಜೊತೆಗೆ ಪಿಜಿ_ಬ್ಲಾಕಿಂಗ್_ಪಿಐಡಿಸ್ ಫಂಕ್ಷನ್‌ನ ಉತ್ತರವನ್ನೂ ತೆಗೆದು ನೋಡಿ. ಯಾರು ಯಾರನ್ನು ತಡೆದಿದ್ದಾರೆ ಎಂಬುದು ಅಲ್ಲೇ ಇರುತ್ತದೆ. ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದಿರುವ ಸೆಷನ್‌ನಲ್ಲಿ ಕಾಣುವ ಕ್ವೆರಿ ಕೊನೆಯದಾಗಿ ಓಡಿದ್ದು. ಲಾಕ್ ಹಿಡಿದದ್ದು ಅದೇ ಆಗಿರಬೇಕೆಂದಿಲ್ಲ. ಅಂಥ ಸೆಷನ್‌ಗೆ ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್ ನಾಟುವುದಿಲ್ಲ, ಏಕೆಂದರೆ ರದ್ದುಮಾಡಲು ಓಡುತ್ತಿರುವ ಕ್ವೆರಿಯೇ ಇಲ್ಲ; ಸೆಷನ್ ಅನ್ನೇ ಮುಚ್ಚುವ ಪಿಜಿ_ಟರ್ಮಿನೇಟ್_ಬ್ಯಾಕೆಂಡ್ ಬೇಕು. ಪ್ರತಿ ಡೆವಲಪ್‌ಮೆಂಟ್ ಡೇಟಾಬೇಸ್‌ನಲ್ಲೂ ಲಾಗ್_ಲಾಕ್_ವೇಟ್ಸ್ ಆನ್ ಇರಲಿ, ಒಂದು ಸೆಕೆಂಡ್ ಮೀರಿದ ಕಾಯುವಿಕೆ ಲಾಗ್‌ಗೆ ಬರುತ್ತದೆ. ಮೈಗ್ರೇಷನ್ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಲಾಕ್_ಟೈಮ್‌ಔಟ್ ಅನ್ನು 5 ಸೆಕೆಂಡ್‌ಗೆ ಇಡಿ. ಇಷ್ಟು ಮಾಡಿದರೆ ಮೌನ ಮುರಿಯುತ್ತದೆ.

‘ಟೂ ಮೆನಿ ಕ್ಲೈಂಟ್ಸ್’ ಬಂದ ಕೂಡಲೇ ಮ್ಯಾಕ್ಸ್_ಕನೆಕ್ಷನ್ಸ್ ಏರಿಸುವುದು ಒಳ್ಳೆಯ ಅಭ್ಯಾಸವಲ್ಲ. ಸಹಜ ಮಿತಿ 100. ಒಬ್ಬ ಡೆವಲಪರ್‌ಗೆ ಅದು ಧಾರಾಳ. ಸಾಮಾನ್ಯವಾಗಿ ಹಾಟ್ ರೀಲೋಡ್ (ಕೋಡ್ ಬದಲಾದ ಕೂಡಲೇ ಆಪ್ ತಾನೇ ಮರುಲೋಡ್ ಆಗುವುದು) ಆದಾಗಲೆಲ್ಲ ಹಳೆಯ ಪೂಲ್ (ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಮುಚ್ಚದೆ ಹೊಸದನ್ನು ತೆರೆಯುವ ಕೋಡ್ ಇದಕ್ಕೆ ಕಾರಣ. ಅಪ್ಲಿಕೇಷನ್_ನೇಮ್ ಪ್ರಕಾರ ಎಣಿಸಿದರೆ ಸೋರುತ್ತಿರುವ ಜಾಗ ಗೊತ್ತಾಗುತ್ತದೆ.

ಅಂಕ ಕಳೆಯಬೇಕಾದದ್ದು ಅಪ್‌ಗ್ರೇಡ್‌ಗೆ. ಡಾಕರ್ ಇಮೇಜ್‌ನ ಆವೃತ್ತಿ ಸೂಚಿಸುವ ಟ್ಯಾಗ್ ‘ಲೇಟೆಸ್ಟ್’ ಎಂದಿಟ್ಟರೆ ಹೊಸ ಮುಖ್ಯ ಆವೃತ್ತಿ ಬಂದ ದಿನ ಸರ್ವರ್ ಏಳುವುದೇ ಇಲ್ಲ, ಹಳೆಯ ಡೇಟಾ ಫೈಲ್‌ಗಳನ್ನು ಅದು ನೇರವಾಗಿ ಓದುವುದಿಲ್ಲ. ಟ್ಯಾಗ್‌ನಲ್ಲಿ ಮುಖ್ಯ ಆವೃತ್ತಿಯ ಸಂಖ್ಯೆಯನ್ನು ಬರೆಯಿರಿ, ಬದಲಿಸುವ ಮುನ್ನ ಹಳೆಯ ಸರ್ವರ್‌ನಿಂದ ಡಂಪ್ (ಡೇಟಾದ ಪೂರ್ಣ ಪ್ರತಿ) ತೆಗೆದುಕೊಳ್ಳಿ. ಈ ಒಂದಕ್ಕಾಗಿ ಐದರಲ್ಲಿ ನಾಲ್ಕು ನಕ್ಷತ್ರ.