ಪ್ರಿಪ್ರಿಂಟ್, ಝೆನೋಡೊ, ಶುಲ್ಕದ ಜರ್ನಲ್: ಕರಾವಳಿಯ ಸಂಶೋಧಕರಿಗೆ ಯಾವುದು?

ಕಾರವಾರದ ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರ, ಶಿರಸಿಯಲ್ಲಿ ಅರಣ್ಯಶಾಸ್ತ್ರ ಓದುವವರಿಗೆ ಪೇಪರನ್ನು ಎಲ್ಲರಿಗೂ ಪುಕ್ಕಟೆ ಸಿಗುವಂತೆ ಮಾಡಲು ಮೂರ್ನಾಲ್ಕು ದಾರಿಗಳಿವೆ. ಎಲ್ಲವನ್ನೂ ಬಳಸಿ ನೋಡಿದ ಮೇಲೆ ನಮ್ಮ ಸಲಹೆ: ದುಡ್ಡು ಕಟ್ಟುವ ದಾರಿ ಕೊನೆಗಿರಲಿ.

ಪ್ಲಾಸ್ ಒನ್, ಸೈಂಟಿಫಿಕ್ ರಿಪೋರ್ಟ್ಸ್‌ನಂಥ ಜರ್ನಲ್‌ಗಳಲ್ಲಿ ಪೇಪರ್ ಒಂದಕ್ಕೆ ಪ್ರಕಟಣಾ ಶುಲ್ಕ 2,000 ಡಾಲರ್ ದಾಟುತ್ತದೆ. ಶುಲ್ಕ ತಾನಾಗಿ ಮಾಫಿಯಾಗುವುದು ಹೆಚ್ಚಾಗಿ ರಿಸರ್ಚ್‌ಫಾರ್‌ಲೈಫ್ (ಬಡ ದೇಶಗಳಿಗೆ ಸಂಶೋಧನಾ ಸಾಹಿತ್ಯ ಒದಗಿಸುವ ಯೋಜನೆ) ಪಟ್ಟಿಯ ದೇಶಗಳಿಗೆ, ಭಾರತ ಅದರಲ್ಲಿಲ್ಲ. ರಿಯಾಯಿತಿ ಬೇಕಿದ್ದರೆ ಪೇಪರ್ ಸಲ್ಲಿಸುವಾಗಲೇ ಕೇಳಿ. ಸ್ವೀಕೃತವಾದ ಮೇಲೆ ಕೇಳಿದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. 2025ರ ಜನವರಿಯಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಒಂದು ದೇಶ ಒಂದು ಚಂದಾ’ ಯೋಜನೆ ಮುಖ್ಯವಾಗಿ ಜರ್ನಲ್‌ಗಳನ್ನು ಓದುವುದಕ್ಕೆ. ಅದು ನಿಮ್ಮ ಪ್ರಕಟಣೆಯ ಬಿಲ್ ಕಟ್ಟುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ಶುಲ್ಕವಿಲ್ಲದ ಜರ್ನಲ್‌ಗಳನ್ನು ಡಿಒಎಜೆಯಲ್ಲಿ (ಮುಕ್ತ ಜರ್ನಲ್‌ಗಳ ಆನ್‌ಲೈನ್ ಪಟ್ಟಿ) ಸೋಸಿ ಹುಡುಕಬಹುದು. ‘ಯುಜಿಸಿ ಕೇರ್ ಪಟ್ಟಿಯಲ್ಲಿದ್ದೇವೆ’ ಎಂದು ಇಮೇಲ್ ಕಳಿಸುವವರಿಗೆ ಉತ್ತರವನ್ನೇ ಕೊಡಬೇಡಿ. ಮಾನ್ಯ ಜರ್ನಲ್‌ಗಳ ಆ ಪಟ್ಟಿಯನ್ನು ಯುಜಿಸಿ 2025ರಲ್ಲೇ ನಿಲ್ಲಿಸಿದೆ.

ಪ್ರಿಪ್ರಿಂಟ್ ಎಂದರೆ ಜರ್ನಲ್ ವಿಮರ್ಶೆಗೆ ಮುಂಚೆಯೇ ಎಲ್ಲರಿಗೂ ತೆರೆದಿಡುವ ಪೇಪರ್. ಜೀವವಿಜ್ಞಾನದ ಪ್ರಿಪ್ರಿಂಟ್ ತಾಣ ಬಯೋಆರ್ಕೈವ್ ವೇಗದ್ದು. ಮೇಲುಮೇಲಿನ ತಪಾಸಣೆ ಮುಗಿದು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಪೇಪರ್ ಡಿಒಐ (ಶಾಶ್ವತ ಗುರುತು ಸಂಖ್ಯೆ) ಸಮೇತ ಹೊರಬರುತ್ತದೆ. ಆದರೆ ಪೂರ್ತಿ ಸಂಶೋಧನಾ ಪೇಪರೇ ಆಗಬೇಕು. ವಿಮರ್ಶಾ ಲೇಖನ, ಥೀಸಿಸ್ ಅಧ್ಯಾಯ ನಡೆಯುವುದಿಲ್ಲ. ಒಮ್ಮೆ ಹಾಕಿದ್ದನ್ನು ಅಳಿಸಲಾಗದು, ‘ಹಿಂಪಡೆಯಲಾಗಿದೆ’ ಎಂಬ ಗುರುತು ಮಾತ್ರ ಬೀಳುತ್ತದೆ. ಹಾಗಾಗಿ ಗೈಡ್ ಮತ್ತು ಸಹಲೇಖಕರ ಒಪ್ಪಿಗೆ ಮೊದಲೇ ಇಮೇಲ್‌ನಲ್ಲಿರಲಿ. ಕಾಳಿ ಅಳಿವೆಯಲ್ಲಿ ಹೊಸ ಪ್ರಭೇದದ ಹುಳ ಸಿಕ್ಕಿದೆ ಅಂತಿಟ್ಟುಕೊಳ್ಳಿ. ಅದರ ಹೊಸ ಹೆಸರನ್ನು ಪ್ರಿಪ್ರಿಂಟ್‌ನಲ್ಲಿ ಬರೆಯಲೇಬೇಡಿ. ಪ್ರಾಣಿನಾಮಕರಣ ನಿಯಮದ ಪ್ರಕಾರ ಪ್ರಿಪ್ರಿಂಟ್ ಪ್ರಕಟಣೆಯಲ್ಲ. ಹೆಸರು ಬಯಲಾಗುತ್ತದೆ, ಮಾನ್ಯತೆ ಮಾತ್ರ ಸಿಗುವುದಿಲ್ಲ.

ಝೆನೋಡೊದಲ್ಲಿ ಮುಂಚಿನ ತಪಾಸಣೆ ಇಲ್ಲ. ಯುರೋಪಿನ ಭೌತಶಾಸ್ತ್ರ ಸಂಸ್ಥೆ ಸರ್ನ್ ನಡೆಸುವ ಈ ಆನ್‌ಲೈನ್ ಭಂಡಾರದಲ್ಲಿ ಒಂದು ದಾಖಲೆಗೆ 50 ಜಿಬಿ ಜಾಗ. ಡಿಒಐಯನ್ನು ಮೊದಲೇ ಕಾಯ್ದಿರಿಸಿ ಪೇಪರಿನೊಳಗೆ ಬರೆದುಕೊಳ್ಳಬಹುದು, ಇದೇ ಅದರ ದೊಡ್ಡ ಉಪಕಾರ. ದತ್ತಾಂಶವನ್ನು ಎಕ್ಸೆಲ್‌ಗಿಂತ ಸಿಎಸ್‌ವಿಯಲ್ಲಿ (ಯಾವ ತಂತ್ರಾಂಶದಲ್ಲೂ ತೆರೆಯುವ ಸರಳ ಪಠ್ಯ ಕೋಷ್ಟಕ) ಹಾಕಿ, ಪ್ರತಿ ಕಾಲಮ್ಮಿನ ಅರ್ಥ ಮತ್ತು ಅಳತೆಮಾನ ಹೇಳುವ ರೀಡ್‌ಮಿ ಕಡತ ಜೊತೆಗಿರಲಿ. ಪ್ರಕಟಿಸಿದ ಮೇಲೆ ಕಡತ ಬದಲಿಸಬೇಕೆಂದರೆ ಸಾಮಾನ್ಯವಾಗಿ ಹೊಸ ಆವೃತ್ತಿಯನ್ನೇ ಮಾಡಬೇಕು. ಸಿದ್ದಾಪುರದ ಕತ್ತಲೆಕಾನಿನಂಥ ಜಡ್ಡಿಯ (ಕಾಡಿನೊಳಗಿನ ಜೌಗುನೆಲ) ಅಪರೂಪದ ಮರಗಳ ಜಿಪಿಎಸ್ ಬಿಂದುಗಳನ್ನು ಇದ್ದಹಾಗೆ ಹಾಕಬೇಡಿ. ಅಕ್ಷಾಂಶ, ರೇಖಾಂಶಗಳಲ್ಲಿ ದಶಮಾಂಶದ ಒಂದೇ ಅಂಕಿ ಉಳಿಸಿದರೆ ಜಾಗ ಸುಮಾರು ಹನ್ನೊಂದು ಕಿಲೋಮೀಟರಿನಷ್ಟು ಮಸುಕಾಗುತ್ತದೆ.

ಚಂದಾ ಜರ್ನಲ್‌ನಲ್ಲಿ ಅಚ್ಚಾದ ಪೇಪರನ್ನೂ ಝೆನೋಡೊಗೆ ಹಾಕಬಹುದು, ಆದರೆ ಪ್ರಕಾಶಕರ ಲೋಗೊ ಇರುವ ಪಿಡಿಎಫ್ ಅಲ್ಲ. ವಿಮರ್ಶಕರ ತಿದ್ದುಪಡಿ ಮುಗಿಸಿ ನೀವು ಕೊನೆಗೆ ಕಳಿಸಿದ ವರ್ಡ್ ಪ್ರತಿ ಬೇಕು. ಎಷ್ಟೋ ಜನ ಅದನ್ನೇ ಕಳಕೊಂಡಿರುತ್ತಾರೆ! ಸ್ವೀಕಾರದ ಇಮೇಲ್ ಬಂದ ದಿನವೇ ಬೇರೆ ಫೋಲ್ಡರಿನಲ್ಲಿಡಿ. ಅದನ್ನು ಬಯಲಿಗಿಡಲು ಎಷ್ಟು ತಿಂಗಳು ಕಾಯಬೇಕು (12 ಸಾಮಾನ್ಯ) ಎಂಬುದು ಜರ್ನಲ್‌ಗಳ ನಿಯಮ ತಿಳಿಸುವ ‘ಓಪನ್ ಪಾಲಿಸಿ ಫೈಂಡರ್’ ತಾಣದಲ್ಲಿ (ಹಿಂದಿನ ಶೆರ್ಪಾ ರೋಮಿಯೊ) ಸಿಗುತ್ತದೆ.

ಯಕ್ಷಗಾನದ ಮೇಲೋ ಹಾಲಕ್ಕಿ ಹಾಡಿನ ಮೇಲೋ ಕನ್ನಡದಲ್ಲಿ ಬರೆದವರಿಗೆ ಬಯೋಆರ್ಕೈವ್ ಆಗಿಬರುವುದಿಲ್ಲ, ಝೆನೋಡೊ ಆಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದರೆ ಯೂನಿಕೋಡ್‌ಗೆ ತಿರುಗಿಸಿ, ಒತ್ತಕ್ಷರಗಳನ್ನು ಕಣ್ಣಲ್ಲೇ ಒಮ್ಮೆ ನೋಡಿ, ಆಮೇಲೆ ಪಿಡಿಎಫ್ ಮಾಡಿ. ಇಲ್ಲವಾದರೆ ಗೂಗಲ್‌ಗೆ ಅದರಲ್ಲಿ ಕನ್ನಡದ ಒಂದು ಪದವೂ ಕಾಣಿಸದು.