ಒತಾರುವೋ ಹಿತೋತ್ಸುಬಾಶಿಯೋ? ಜಪಾನಿನ ಎರಡು ವಾಣಿಜ್ಯ ವಿಶ್ವವಿದ್ಯಾಲಯಗಳಲ್ಲಿ ಓದಿ ನೋಡಿದ್ದು

ಜಪಾನಿನಲ್ಲಿ ಕಾಮರ್ಸ್ ಓದುವ ಆಸೆ ಇರುವವರು ಮೊದಲು ಕೇಳುವುದು ಟೋಕಿಯೋದ ಹಿತೋತ್ಸುಬಾಶಿ ಬಗ್ಗೆ. ಉತ್ತರದ ಹೊಕ್ಕೈಡೋ ದ್ವೀಪದಲ್ಲಿರುವ ಒತಾರು ವಾಣಿಜ್ಯ ವಿಶ್ವವಿದ್ಯಾಲಯದ ಹೆಸರು ಗೊತ್ತಿರುವವರು ಕಡಿಮೆ. ನಾನು ಮೊದಲು ಒತಾರುವಿನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದೆ (ಇದಕ್ಕೆ ಡಿಗ್ರಿ ಸಿಗುವುದಿಲ್ಲ), ಆಮೇಲೆ ಹಿತೋತ್ಸುಬಾಶಿಯಲ್ಲಿ ಮಾಸ್ಟರ್ಸ್ ಮಾಡಿದೆ. ಎರಡೂ ಸರ್ಕಾರಿ ಸಂಸ್ಥೆಗಳೇ. ಡಿಗ್ರಿ ಓದಲು ಹೊರಟವರು ಕೇಳಿದರೆ ನಾನು ಮೊದಲು ಹೇಳುವುದು ಒತಾರು.

ಹಿತೋತ್ಸುಬಾಶಿ ಹಳೆಯದು. 1875ರಲ್ಲಿ, ಮುಂದೆ ಶಿಕ್ಷಣ ಮಂತ್ರಿಯಾದ ಮೋರಿ ಅರಿನೋರಿ ಟೋಕಿಯೋದ ಗಿಂಜಾದಲ್ಲಿ ಶುರು ಮಾಡಿದ ಪುಟ್ಟ ವ್ಯಾಪಾರ ಶಾಲೆ ಅದು. 1923ರ ಭೂಕಂಪದ ನಂತರ ಊರ ಪಶ್ಚಿಮಕ್ಕೆ, ಕುನಿತಾಚಿಗೆ ಹೋಯಿತು. ಈಗ ಅಲ್ಲಿ ಕಾನೂನು, ಸಮಾಜಶಾಸ್ತ್ರದ ವಿಭಾಗಗಳೂ ಇವೆ. 2023ರಲ್ಲಿ ಡೇಟಾ ಸೈನ್ಸ್ ಕೂಡ ಸೇರಿತು.

ಒತಾರು ಬಾಗಿಲು ತೆರೆದದ್ದು 1911ರಲ್ಲಿ. ಆಗ ಆ ಊರು ಹೊಕ್ಕೈಡೋದ ದುಡ್ಡಿನ ಬಂದರು. ಕಲ್ಲಿದ್ದಲು, ಹೆರ್ರಿಂಗ್ ಮೀನು, ಹಡಗು, ಬ್ಯಾಂಕು ಎಲ್ಲಾ ಅಲ್ಲೇ. 1912ರಲ್ಲಿ ಕಟ್ಟಿದ ಬ್ಯಾಂಕ್ ಆಫ್ ಜಪಾನ್ ಶಾಖೆಯ ಕಟ್ಟಡ ಈಗ ಮ್ಯೂಸಿಯಂ. ಆ ವ್ಯಾಪಾರವೆಲ್ಲ ಮುಂದೆ ಹೊಕ್ಕೈಡೋದ ರಾಜಧಾನಿ ಸಪ್ಪೊರೊ ಕಡೆಗೆ ಜಾರಿತು, ವಿಶ್ವವಿದ್ಯಾಲಯ ಮಾತ್ರ ಗುಡ್ಡದ ಮೇಲೆ ಉಳಿಯಿತು. ಇವತ್ತಿಗೂ ಅಲ್ಲಿರುವುದು ವಾಣಿಜ್ಯದ ಒಂದೇ ಫ್ಯಾಕಲ್ಟಿ. ಅದರೊಳಗೆ ಅರ್ಥಶಾಸ್ತ್ರ, ವಾಣಿಜ್ಯ, ವ್ಯಾಪಾರ ಕಾನೂನು, ಮಾಹಿತಿ ಎಂದು ನಾಲ್ಕು ಶಾಖೆಗಳಿವೆ. ವರ್ಷಕ್ಕೆ ಸುಮಾರು 500 ಜನ ಸೇರುತ್ತಾರೆ. 2022ರಿಂದ ಒಬಿಹಿರೊದ ಕೃಷಿ ವಿಶ್ವವಿದ್ಯಾಲಯ, ಕಿತಾಮಿಯ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಇದು, ಮೂರನ್ನೂ ಒಂದೇ ಆಡಳಿತದಡಿ ತಂದಿದ್ದಾರೆ. ಹೆಸರು, ಜಾಗ ಬದಲಾಗಿಲ್ಲ.

ಓದಿನ ಜೀವ ಇರುವುದು ಜೆಮಿಯಲ್ಲಿ. ಒಬ್ಬ ಪ್ರೊಫೆಸರ್ ಸುತ್ತ ಕೆಲವೇ ವಿದ್ಯಾರ್ಥಿಗಳು ಕೂತು ಚರ್ಚೆ ಮಾಡುವ ತರಗತಿ ಅದು. ಹಿತೋತ್ಸುಬಾಶಿಯ ಹೆಮ್ಮೆಯೇ ಜೆಮಿ. ಅಲ್ಲಿನ ಚರ್ಚೆಯ ಮಟ್ಟ ನಿಜಕ್ಕೂ ಎತ್ತರದ್ದು, ಓದಿಕೊಂಡು ಹೋಗದಿದ್ದರೆ ಬಾಯಿ ತೆರೆಯಲು ಆಗುವುದಿಲ್ಲ. ಒತಾರುವಿನ ಜೆಮಿಯಲ್ಲಿ ಪುಸ್ತಕದ ಭಾರ ಕಡಿಮೆ, ಊರಿನ ಒಡನಾಟ ಜಾಸ್ತಿ. ಇದು ಅಲ್ಲಿನ ಹಳೇ ಅಭ್ಯಾಸ. ವಿಶ್ವವಿದ್ಯಾಲಯವಾಗುವ ಮೊದಲು ವಾಣಿಜ್ಯ ಶಾಲೆಯಾಗಿದ್ದ ಕಾಲದಲ್ಲೇ ವಿದ್ಯಾರ್ಥಿಗಳು ಸಾಬೂನು ತಯಾರಿಸಿ ಕಾರ್ಖಾನೆ ನಡೆಸುವುದನ್ನು ಕಲಿಯುತ್ತಿದ್ದರು. ಈಗಲೂ ಊರಿನ ಅಂಗಡಿ, ಪ್ರವಾಸೋದ್ಯಮದ ಸಮಸ್ಯೆಗಳನ್ನು ಹಿಡಿದು ಕೆಲಸ ಮಾಡುವ 'ಮಾಜಿಪ್ರೊ' ಎಂಬ ತರಗತಿ ಇದೆ. ಅಂಗಡಿಯವರ ಎದುರು ಕೂತು ಯಾವ ಸರಕು ಯಾಕೆ ಹೋಗುತ್ತಿಲ್ಲ ಎಂದು ಕೇಳಿದಾಗ ನನಗೆ ಮಾರ್ಕೆಟಿಂಗ್ ಅರ್ಥವಾಯಿತು. ಭಾಷೆ ಬಂದದ್ದೂ ಹಾಗೇ. ಅಲ್ಲಿ ಇಂಗ್ಲಿಷ್‌ನಲ್ಲಿ ದಿನ ದೂಡಲು ಆಗುವುದಿಲ್ಲ. ಟೋಕಿಯೋದಲ್ಲಿ ವಿದೇಶಿ ಗೆಳೆಯರೇ ಸಾಕಷ್ಟು ಸಿಗುತ್ತಾರೆ, ಹಾಗಾಗಿ ಜಪಾನಿ ಭಾಷೆಯ ಕಲಿಕೆ ನಿಧಾನ.

ಚಳಿಯ ಬಗ್ಗೆ ಹೇಳಲೇಬೇಕು. ಒತಾರು ಸ್ಟೇಷನ್ನಿನಿಂದ ಕ್ಯಾಂಪಸ್‌ಗೆ ಹತ್ತುವ ದಾರಿಗೆ ಜಿಗೊಕುಜಾಕಾ, ಅಂದರೆ ನರಕದ ಏರು, ಎಂದೇ ಹೆಸರು. ಬಸ್ ಇದೆ. ಆದರೂ ಜನವರಿಯಲ್ಲಿ ಮಂಜುಗಡ್ಡೆಯ ಮೇಲೆ ಆ ಏರಿನಲ್ಲಿ ನಡೆಯುವುದು ಬಂದೇ ಬರುತ್ತದೆ. ಜಾರದಂತೆ ಎರಚಲು ರಸ್ತೆ ಬದಿಯ ಪೆಟ್ಟಿಗೆಗಳಲ್ಲಿ ಮರಳು ಇಟ್ಟಿರುತ್ತಾರೆ. ಬೆಂಗಳೂರಿನ ಸ್ವೆಟರ್, ಶೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಅಲ್ಲಿಯೇ ಕೊಳ್ಳಿ. ಮೇಲೆ ಹತ್ತಿದ ಮೇಲೆ ಬಂದರು, ಸಮುದ್ರ ಎರಡೂ ಕಾಣುತ್ತವೆ. ಕುನಿತಾಚಿಯಲ್ಲಿ ಈ ಕಷ್ಟ ಯಾವುದೂ ಇಲ್ಲ. ಸ್ಟೇಷನ್ನಿನಿಂದ ಚೆರ್ರಿ ಮರಗಳ ಅಗಲವಾದ ಸಮತಟ್ಟು ರಸ್ತೆಯಲ್ಲಿ ಕೆಲವು ನಿಮಿಷ ನಡೆದರೆ ಕ್ಲಾಸು.

ಸಸ್ಯಾಹಾರಿಗಳಿಗೆ ಎರಡೂ ಕಡೆ ಒಂದೇ ಪಾಡು: ಸಾರು ಅಂದರೆ ದಾಶಿ, ಅಂದರೆ ಮೀನು ಹಾಕಿ ತೆಗೆದ ರಸ. ಅಕ್ಕಿ, ತರಕಾರಿ ತಂದು ನೀವೇ ಅಡುಗೆ ಮಾಡಿಕೊಳ್ಳಬೇಕು. ಬೇಳೆ, ಮಸಾಲೆ ಟೋಕಿಯೋದಲ್ಲಿ ಸುಲಭ. ಒತಾರುವಿನಲ್ಲಿದ್ದರೆ ಆನ್‌ಲೈನ್ ತರಿಸಬೇಕು, ಇಲ್ಲವೇ ರೈಲಿನಲ್ಲಿ ಸುಮಾರು 40 ನಿಮಿಷದ ಸಪ್ಪೊರೊದಲ್ಲಿ ಹುಡುಕಬೇಕು.

ದುಡ್ಡಿನ ಲೆಕ್ಕ ಹೀಗಿದೆ. ಸರ್ಕಾರ ಗೊತ್ತು ಮಾಡಿರುವ ಮಾಮೂಲಿ ಶುಲ್ಕ ವರ್ಷಕ್ಕೆ 5,35,800 ಯೆನ್. ಹಿತೋತ್ಸುಬಾಶಿ 2020ರಿಂದ ಹೊಸದಾಗಿ ಸೇರುವವರಿಗೆ ಅದನ್ನು 6,42,960 ಯೆನ್‌ಗೆ ಏರಿಸಿತು. ನಿಜವಾದ ಹೊಡೆತ ಕೊಡುವುದು ಮನೆ ಬಾಡಿಗೆ. ಟೋಕಿಯೋದಲ್ಲಿ ನಾನು ಹೋದ ಮನೆ ಏಜೆಂಟ್ ಒಬ್ಬರು ವಿದೇಶಿ ವಿದ್ಯಾರ್ಥಿ ಎಂದ ಕೂಡಲೇ ಫೈಲ್ ಮುಚ್ಚಿದರು. ಕೊನೆಗೆ ಸಿಕ್ಕ ರೂಮು ಒತಾರುವಿನದಕ್ಕಿಂತ ಚಿಕ್ಕದು, ಬಾಡಿಗೆ ಮಾತ್ರ ಜಾಸ್ತಿ. ಒತಾರುವಿನಲ್ಲಿ ಹೀಟರ್‌ನ ಸೀಮೆಎಣ್ಣೆ ಖರ್ಚು ಸೇರಿಸಿದರೂ ಉಳಿತಾಯವೇ.

ಕೆಲಸದ ವಿಷಯದಲ್ಲಿ ಹಿತೋತ್ಸುಬಾಶಿಯೇ ಮುಂದೆ, ಅದರಲ್ಲಿ ಅನುಮಾನ ಬೇಡ. ದೊಡ್ಡ ಟ್ರೇಡಿಂಗ್ ಕಂಪನಿಗಳು, ಬ್ಯಾಂಕುಗಳು ರೈಲಿನ ದೂರದಲ್ಲೇ ಇವೆ. ಹಳೇ ವಿದ್ಯಾರ್ಥಿಗಳ ಸಂಘ ಜೋಸುಯ್‌ಕಾಯ್ ಬಲವಾದದ್ದು. ಒತಾರುವಿನ ರ್‍ಯೋಕ್ಯೂಕಾಯ್ ಸಂಘದವರೂ ಒಳ್ಳೆಯವರು, ನನ್ನ ರೆಸ್ಯೂಮೆಯನ್ನು ಸಾಲು ಸಾಲಾಗಿ ತಿದ್ದಿಕೊಟ್ಟದ್ದು ಅಲ್ಲಿನ ಹಿರಿಯರೊಬ್ಬರೇ. ಆದರೆ ಟೋಕಿಯೋದ ಇಂಟರ್‌ವ್ಯೂಗೆ ಪ್ರತಿ ಸಲ ವಿಮಾನ ಹತ್ತಬೇಕು.

ಆದ್ದರಿಂದ ಕೆಲಸದ ಅನುಭವ ಆಗಲೇ ಇದ್ದು, ಇಂಗ್ಲಿಷ್‌ನಲ್ಲೇ ಎಂಬಿಎ ಬೇಕು ಅನ್ನುವವರು ಹಿತೋತ್ಸುಬಾಶಿಯ ಬಿಸಿನೆಸ್ ಸ್ಕೂಲ್ ಆದ ಐಸಿಎಸ್ ನೋಡಿ. ಪಿಯುಸಿ ಮುಗಿಸಿ ಜಪಾನಿ ಕಲಿಯುತ್ತಿರುವವರು, ಮನೆಯಲ್ಲಿ ದುಡ್ಡು ಲೆಕ್ಕ ಹಾಕಿ ಕಳಿಸುವಂಥವರು, ಒತಾರುವನ್ನು ಪಟ್ಟಿಯಲ್ಲಿ ಮೇಲಕ್ಕೆ ಇಡಿ. ವಿದೇಶಿಯರ ಡಿಗ್ರಿ ಪ್ರವೇಶಕ್ಕೆ ಬೇಕಾದ ಇಜೆಯು ಪರೀಕ್ಷೆ ಜೂನ್ ಮತ್ತು ನವೆಂಬರ್‌ನಲ್ಲಿ ನಡೆಯುತ್ತದೆ. ಗಣಿತ ನಮ್ಮವರಿಗೆ ಕಷ್ಟವಾಗಲಾರದು, ಜಪಾನಿ ಭಾಷೆಯ ಭಾಗಕ್ಕೆ ಈಗಿನಿಂದಲೇ ಕೂರಿ.