ಗೇಮ್ ಆಫ್ ಥ್ರೋನ್ಸ್ ಬ್ಲೂ-ರೇ ಸೆಟ್: ಟಿರಿಯನ್‌ನ ಪಾಪಗಳು ಎಲ್ಲಿ ಹೋದವು?

ಗೇಮ್ ಆಫ್ ಥ್ರೋನ್ಸ್ ಟಿವಿ ಸರಣಿಯ ಎಂಟೂ ಸೀಸನ್‌ಗಳ ಈ ಸೆಟ್ ಕೊಂಡು ವರ್ಷಗಳಾದವು. ಚಿತ್ರ, ಧ್ವನಿಯ ಗುಣಮಟ್ಟದ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನ್ನ ತಕರಾರೆಲ್ಲ ಒಂದೇ ಪಾತ್ರದ್ದು: ಟಿರಿಯನ್ ಲ್ಯಾನಿಸ್ಟರ್.

ರಾತ್ರಿ ಊಟವಾದ ಮೇಲೆ, ಸರಣಿಗೆ ಮೂಲವಾದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿಮಾಲೆಯಿಂದ ಟಿರಿಯನ್‌ನ ಒಂದು ಅಧ್ಯಾಯ ಓದುತ್ತೇನೆ. ಆಮೇಲೆ ಅದೇ ಘಟನೆಗಳಿರುವ ಸಂಚಿಕೆ ಹಾಕುತ್ತೇನೆ. ತೆರೆಗೆ ಬಾರದ ಪ್ರಸಂಗದ ಪಕ್ಕ ಪೆನ್ಸಿಲ್ಲಿನಿಂದ ಸಣ್ಣ ಗೀಟು. ಮೊದಲ ಕಾದಂಬರಿಯಲ್ಲಿ ಗೀಟುಗಳು ಅಪರೂಪ. ಮೂರನೆಯದಾದ ‘ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್’ಗೆ (2000) ಬಂದಾಗ ಪುಟದಂಚೆಲ್ಲ ಗೀಟುಗಳು, ಅವುಗಳಲ್ಲಿ ಹೆಚ್ಚಿನವು ಅವನ ಕೆಟ್ಟ ಕೆಲಸಗಳ ಪಕ್ಕದಲ್ಲೇ.

ಶೇ ಎಂಬ ವೇಶ್ಯೆಯ ಜೊತೆಗಿನ ಗುಟ್ಟಿನ ಸಂಬಂಧವನ್ನು ಹಿಡಿದು ಬೆದರಿಸಿದ ಸೈಮನ್ ಎಂಬ ಗಾಯಕನನ್ನು ಅವನು ಕೊಲ್ಲಿಸುತ್ತಾನೆ. ಹೆಣ ಬಡವರ ಕೇರಿಯ ಸಾರಿನ ಹಂಡೆ ಸೇರುತ್ತದೆ. ಸರಣಿಯಲ್ಲಿ ಆ ಗಾಯಕನೇ ಇಲ್ಲ. ತಂದೆಯ ಹಾಸಿಗೆಯಲ್ಲಿ ಸಿಕ್ಕ ಶೇ ಕಾದಂಬರಿಯಲ್ಲಿ ನಿರಾಯುಧಳು. ಅಂಗಲಾಚುವ ಅವಳ ಕೊರಳಿಗೆ ಅವನು ಚಿನ್ನದ ಸರ ಬಿಗಿಯುತ್ತಾನೆ. ಸರಣಿಯಲ್ಲಿ ಅವಳೇ ಮೊದಲು ಚಾಕುವಿಗೆ ಕೈ ಹಾಕುತ್ತಾಳೆ. ಆ ಒಂದು ಚಾಕು ಸಾಕು, ಕೊಲೆ ಆತ್ಮರಕ್ಷಣೆಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಮುಂದೆ ‘ಎ ಡಾನ್ಸ್ ವಿತ್ ಡ್ರ್ಯಾಗನ್ಸ್’ (2011) ಕಾದಂಬರಿಯಲ್ಲಿ ಸೆಲ್ಹೋರಿಸ್‌ನ ವೇಶ್ಯಾಗೃಹದಲ್ಲಿರುವ ಹೆಣ್ಣು ಗುಲಾಮಳೆಂದು ತಿಳಿದೂ ಅವಳನ್ನು ಬಳಸಿಕೊಂಡು ತನ್ನ ಮೇಲೆಯೇ ಹೇಸುತ್ತಾನೆ. ತೆರೆಯ ಟಿರಿಯನ್ ವೊಲಾಂಟಿಸ್‌ನಲ್ಲಿ ಇಂಥದೇ ಜಾಗದಲ್ಲಿ ತನ್ನಿಂದಾಗದು ಎಂದು ಹಿಂದೆ ಸರಿಯುತ್ತಾನೆ.

ನನಗೆ ಎಲ್ಲಕ್ಕಿಂತ ನೋವು ತಂದದ್ದು, ರಾಜ ಜಾಫ್ರಿಯನ್ನು ಕೊಂದ ಆರೋಪದಲ್ಲಿ ಸೆರೆಯಾಗಿದ್ದ ಟಿರಿಯನ್ ಸೆರೆಮನೆಯಿಂದ ಹೊರಟಾಗಿನ ಬೀಳ್ಕೊಡುಗೆ. ಪುಸ್ತಕದಲ್ಲಿ ಅಣ್ಣ ಜೇಮಿ ಸತ್ಯ ಒಪ್ಪಿಕೊಳ್ಳುತ್ತಾನೆ: ಮೊದಲ ಹೆಂಡತಿ ಟೈಶಾ ವೇಶ್ಯೆಯಾಗಿರಲಿಲ್ಲ, ಅಪ್ಪ ಹೇಳಿಸಿದ ಸುಳ್ಳು ಅದು. ಟಿರಿಯನ್ ಅಣ್ಣನನ್ನು ಚುಚ್ಚಲೆಂದೇ, ಅವನ ಗುಟ್ಟಿನ ಮಗನಾದ ಜಾಫ್ರಿಯನ್ನು ತಾನೇ ಕೊಂದೆನೆಂದು ಸುಳ್ಳು ಹೇಳಿ, ಉರಿಯುತ್ತ ಅಪ್ಪನ ಕೋಣೆಗೆ ಹೋಗುತ್ತಾನೆ. ಸರಣಿಯಲ್ಲಿ ಅಣ್ಣತಮ್ಮಂದಿರು ತಬ್ಬಿಕೊಂಡು ಬೇರೆಯಾಗುತ್ತಾರೆ. ಹಾಗಾದರೆ ಪಾರಾಗುವ ದಾರಿ ಬಿಟ್ಟು ಅವನು ಅಪ್ಪನ ಕೋಣೆಗೆ ಹತ್ತಿದ್ದೇಕೆ? ಪಾಪದ ಜೊತೆಗೆ ಕಾರಣವೂ ಹೋಯಿತು.

ಮನಸ್ಸಿನೊಳಗಿನದನ್ನು ತೆರೆಗೆ ತರಲಾಗದು ಎಂಬ ಸಮಾಧಾನ ನನಗೆ ಸಾಲದು. ಈ ಪಾತ್ರಕ್ಕೆ ನಾಲ್ಕು ಎಮ್ಮಿ ಪಡೆದ ಪೀಟರ್ ಡಿಂಕ್ಲೇಜ್ ಅವರ ಮುಖಕ್ಕೆ ಇದೆಲ್ಲವನ್ನೂ ಹೊರುವ ಶಕ್ತಿಯಿತ್ತು. ಜಾಫ್ರಿಯ ಕೊಲೆಯ ವಿಚಾರಣೆಯ ದೃಶ್ಯವೊಂದೇ ಸಾಕ್ಷಿ.

ಇಷ್ಟು ಸಿಟ್ಟಿದ್ದೂ ಸೆಟ್ ಮಾರದಿರಲು ಕಾರಣ ನಾನು ನಿರೀಕ್ಷಿಸದ ಒಂದು ಸಂಗತಿ: ‘ಹಿಸ್ಟರೀಸ್ ಆ್ಯಂಡ್ ಲೋರ್’ ಎಂಬ ಕಿರುಚಿತ್ರಗಳು. ಇವುಗಳಲ್ಲಿ ನಟರು ತಮ್ಮ ಪಾತ್ರಗಳಾಗಿಯೇ ಹಳೆಯ ಕಥೆ ಹೇಳುತ್ತಾರೆ. ಕಥೆ ಶುರುವಾಗುವ ಮುಂಚೆ ರಾಬರ್ಟ್ ಸಿಂಹಾಸನ ಗೆದ್ದ ದಂಗೆಯನ್ನು ಒಂದೊಂದು ಮನೆತನದವರು ತಮಗೆ ಬೇಕಾದಂತೆ ನಿರೂಪಿಸುತ್ತಾರೆ. ಯಾರ ಮಾತನ್ನೂ ಪೂರ್ತಿ ನಂಬುವಂತಿಲ್ಲ. ಚಿತ್ರಗಳು, ಒಂದು ದನಿ, ಅಷ್ಟೇ. ಒಂದೊಂದನ್ನೂ ಒಂದೊಂದು ಪಾತ್ರದ ಕಣ್ಣಿನಿಂದ ಹೇಳುವ ಕಾದಂಬರಿಯ ಅಧ್ಯಾಯಗಳ ರುಚಿ ನನಗೆ ಮತ್ತೆ ಸಿಕ್ಕಿದ್ದು ಇಲ್ಲಿ. ಈಗ ಮಲಗುವ ಮುನ್ನ ಇವುಗಳಲ್ಲೊಂದನ್ನು ದೀಪವಾರಿಸಿ ಕೇಳುವುದು ರೂಢಿಯಾಗಿದೆ.

ಕೊನೆಯ ಸೀಸನ್‌ಗಳ ಡಿಸ್ಕ್‌ಗಳನ್ನು ನಾನು ಹೆಚ್ಚು ಹೊರತೆಗೆಯುವುದಿಲ್ಲ; ಅಲ್ಲಿ ಟಿರಿಯನ್ ಬುದ್ಧಿವಾದ ಹೇಳುವ ಸಜ್ಜನನಾಗಿ ಉಳಿದಿದ್ದಾನೆ. ಹಣ ನೋಡಿ ಖರ್ಚು ಮಾಡುವವರು ಮೊದಲ ನಾಲ್ಕು ಸೀಸನ್‌ಗಳನ್ನು ಬಿಡಿಯಾಗಿ ಕೊಳ್ಳಲಿ, ಉಳಿದದ್ದರಲ್ಲಿ ಮೂರನೆಯ ಕಾದಂಬರಿ ತರಿಸಿಕೊಳ್ಳಲಿ.